ಹೊಸ ಟ್ಯಾಂಕಿನ ಮೊದಲ ಇಪ್ಪತ್ತು ದಿನ

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಜ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಮೀಟರ್ ಉದ್ದದ ಕೊಳವೆಯಲ್ಲಿ ಮರಳನ್ನೂ ಸುಣ್ಣದಕಲ್ಲಿನ ಪುಡಿಯನ್ನೂ ತುಂಬಿ, ಮೇಲಿನಿಂದ ಚರಂಡಿ ನೀರನ್ನು ತೀರಾ ನಿಧಾನವಾಗಿ ಇಳಿಬಿಟ್ಟರು. ಮೊದಲ 20 ದಿನ ಏನೂ ಆಗಲಿಲ್ಲ. ಮೇಲೆ ಸುರಿದ ನೀರಿನ ಅಮೋನಿಯಾ ಕೆಳಗೂ ಹಾಗೇ ಬರುತ್ತಿತ್ತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡಿತು. ಬರಬರುತ್ತ ಅದು ಹೆಚ್ಚಿ, ಅಮೋನಿಯಾ ಇಲ್ಲವಾಯಿತು. ಬರೀ ರಾಸಾಯನಿಕ ಕ್ರಿಯೆಯೇ ಆಗಿದ್ದರೆ ಮೊದಲ ದಿನವೇ ನಡೆಯಬೇಕಿತ್ತಲ್ಲ? ಕೊಳವೆಯೊಳಗೆ ಕ್ಲೋರೋಫಾರ್ಮ್ ಆವಿ ಹಾಯಿಸಿದರು, ನೈಟ್ರೇಟ್ ನಿಂತುಹೋಯಿತು. ಆವಿ ಹೋದ ಮೇಲೂ ಮರಳಿ ಬರಲಿಲ್ಲ. ಒಂದಿಷ್ಟು ಮಣ್ಣು ಕದಡಿದ ನೀರನ್ನು ಸುರಿದ ಮೇಲೆ ಮತ್ತೆ ಶುರುವಾಯಿತು. ಮರಳಿನಲ್ಲಿ ಜೀವವಿತ್ತು, ಕೆಲಸ ಮಾಡುತ್ತಿದ್ದುದು ಆ ಜೀವ.

ಮನೆಯ ಹಾಲ್‌ನಲ್ಲಿ ಹೊಸದಾಗಿ ಇಟ್ಟ ಎರಡಡಿಯ ಅಕ್ವೇರಿಯಂ ನಿಜಕ್ಕೂ ಆ ಕೊಳವೆಯೇ. ತೊಳೆದ ಗಾಜು, ತೊಳೆದ ಜಲ್ಲಿ, ಹೊಸ ಫಿಲ್ಟರ್, ಕನ್ನಡಿಯಂಥ ನೀರು. ಅದೇ ಸಂಜೆ ಹತ್ತು ಮೀನು ತಂದು ಬಿಡುತ್ತೇವೆ. ವಾರದೊಳಗೆ ಒಂದೊಂದೇ ಸಾಯತೊಡಗುತ್ತವೆ. ಅಂಗಡಿಯವನು ಕೊಟ್ಟ ಮೀನು ಸರಿಯಿಲ್ಲ ಎನ್ನುತ್ತೇವೆ. ಸಾಮಾನ್ಯವಾಗಿ ಮೀನು ಸರಿಯಾಗಿಯೇ ಇರುತ್ತದೆ. ಸರಿಯಿಲ್ಲದ್ದು ಆ ತಿಳಿನೀರು.

ಮೀನು ತನ್ನ ದೇಹದ ಸಾರಜನಕದ ಕಸವನ್ನು ನಮ್ಮಂತೆ ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುವುದಿಲ್ಲ. ಬಹುಪಾಲನ್ನು ಅಮೋನಿಯಾ ರೂಪದಲ್ಲೇ ಕಿವಿರುಗಳ ಮೂಲಕ ನೀರಿಗೆ ಬಿಡುತ್ತದೆ. ಹೊಳೆಯಲ್ಲಿ ಅದು ಕ್ಷಣದಲ್ಲಿ ಕೊಚ್ಚಿಹೋಗುತ್ತದೆ, ಅರವತ್ತು ಲೀಟರಿನ ಪೆಟ್ಟಿಗೆಯಲ್ಲಿ ಹೋಗಲು ಜಾಗವಿಲ್ಲ. ಹೊರಗೆ ಅಮೋನಿಯಾ ಹೆಚ್ಚಿದಂತೆ ಒಳಗಿನದು ಹೊರಬರಲಾಗದೆ ರಕ್ತದಲ್ಲೇ ಉಳಿಯುತ್ತದೆ. ತಿನ್ನದೆ ಬಿಟ್ಟ ಆಹಾರ ತಳದಲ್ಲಿ ಕೊಳೆತು ಇನ್ನಷ್ಟು ಸೇರಿಸುತ್ತದೆ. ನೀರು ಮಾತ್ರ ತಿಳಿಯಾಗಿಯೇ ಕಾಣುತ್ತಿರುತ್ತದೆ.

ಇಲ್ಲಿ ಪಿಎಚ್‌ನ ಪಾತ್ರ ದೊಡ್ಡದು. ನೀರಿನ ಅಮೋನಿಯಾದಲ್ಲಿ ಎರಡು ರೂಪಗಳಿವೆ: ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ ಅಯಾನು, ಮತ್ತು ಕಿವಿರನ್ನು ಸುಲಭವಾಗಿ ದಾಟುವ ಅಮೋನಿಯಾ ಅಣು. ನಮ್ಮ ಊರುಗಳ ಉಷ್ಣಾಂಶದಲ್ಲಿ ಪಿಎಚ್ 7 ಇದ್ದರೆ ಈ ವಿಷರೂಪ ಶೇಕಡಾ ಒಂದಕ್ಕಿಂತ ಕಡಿಮೆ, 8 ಆದರೆ ಶೇಕಡಾ ಐದಾರು. ಸಾಮಾನ್ಯವಾಗಿ ಪಿಎಚ್ ಹೆಚ್ಚಿರುವ ಬೋರ್‌ವೆಲ್‌ನ ಗಡಸು ನೀರು ತುಂಬಿದ ಟ್ಯಾಂಕಿನಲ್ಲಿ ಅಮೋನಿಯಾ ಹೆಚ್ಚು ಕಾಡುವುದು ಇದರಿಂದಲೇ. ಹಾಗೆಂದು ಮಳೆನೀರನ್ನಷ್ಟೇ ಬಳಸುವುದೂ ಸರಿಯಲ್ಲ. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಅದನ್ನು ತಡೆದುಕೊಳ್ಳುವ ಕಾರ್ಬೊನೇಟ್ ಮಳೆನೀರಿನಲ್ಲಿ ಇರುವುದಿಲ್ಲ, ಪಿಎಚ್ ಕುಸಿದುಬಿಡುತ್ತದೆ. ಫ್ರಾನ್ಸಿನ ಆ ಕೊಳವೆಯಲ್ಲಿ ಸುಣ್ಣದಕಲ್ಲು ಇದೇ ಆಮ್ಲವನ್ನು ನುಂಗುತ್ತಿತ್ತು.

ಅಮೋನಿಯಾವನ್ನು ಒಂದು ಬಗೆಯ ಸೂಕ್ಷ್ಮಜೀವಿಗಳು ನೈಟ್ರೈಟ್ ಮಾಡುತ್ತವೆ, ಅದನ್ನು ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಇವು ಬೆಳೆಯುವುದು ಬಲು ನಿಧಾನ. ಅನುಕೂಲ ಸಿಕ್ಕರೆ ಇ. ಕೋಲೈ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಇಮ್ಮಡಿಯಾಗುತ್ತದೆ. ಇವಕ್ಕೆ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಮೋನಿಯಾ ಅಥವಾ ನೈಟ್ರೈಟ್ ಸುಟ್ಟು ಸಿಗುವ ಅಲ್ಪ ಶಕ್ತಿಯಲ್ಲೇ ಇಂಗಾಲದ ಡೈಆಕ್ಸೈಡಿನಿಂದ ತಮ್ಮ ಮೈಯನ್ನು ಕಟ್ಟಿಕೊಳ್ಳಬೇಕಾದ ಜೀವಿಗಳವು. ಹೀಗಾಗಿ ಹೊಸ ಟ್ಯಾಂಕ್ ಪಕ್ವವಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಆ ಅವಧಿಯ ಅತಿ ಮೋಸದ ಘಟ್ಟ ನಡುವಿನದು. ಅಮೋನಿಯಾ ಏರಿ ಇಳಿಯುತ್ತದೆ, ಉಳಿದ ಮೀನುಗಳು ಚೇತರಿಸಿಕೊಂಡಂತೆ ಕಾಣುತ್ತವೆ, ಗಂಡಾಂತರ ಕಳೆಯಿತೆಂದು ಇನ್ನೈದು ಮೀನು ತರುತ್ತೇವೆ. ಆದರೆ ಅಮೋನಿಯಾ ಹೋದದ್ದು ನೈಟ್ರೈಟ್ ಆಗಿ. ಅದು ರಕ್ತದ ಹಿಮೋಗ್ಲೋಬಿನ್ ಅನ್ನು ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗಿಸುತ್ತದೆ. ರಕ್ತ ಕಂದಾಗುತ್ತದೆ. ಗಾಳಿಯಂತ್ರ ಭರ್ರೆಂದು ಗುಳ್ಳೆ ಎಬ್ಬಿಸುತ್ತಿದ್ದರೂ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಆಗ ನೀರಿನ ಒಂದು ಭಾಗವನ್ನು ಬದಲಿಸುವುದರ ಜೊತೆಗೆ 10 ಲೀಟರಿಗೆ ಒಂದೆರಡು ಗ್ರಾಂ ಉಪ್ಪು ಕರಗಿಸಿ ಹಾಕುವುದು ಪರಿಣಾಮಕಾರಿ. ಉಪ್ಪಿನ ಕ್ಲೋರೈಡ್ ಮತ್ತು ನೈಟ್ರೈಟ್ ಎರಡೂ ಕಿವಿರಿನ ಒಂದೇ ದಾರಿಯಲ್ಲಿ ಒಳಹೋಗುವುದರಿಂದ ಕ್ಲೋರೈಡ್ ಹೆಚ್ಚಿದಾಗ ನೈಟ್ರೈಟಿಗೆ ಎಡೆ ಸಿಗುವುದಿಲ್ಲ.

ಈ ಕೆಲಸಗಾರ ಜೀವಿಗಳು ಯಾರು ಎಂಬ ಪ್ರಶ್ನೆಗೆ ಉತ್ತರ ಬದಲಾಗುತ್ತಲೇ ಬಂದಿದೆ. ಬದಲಿಸಿದ್ದರಲ್ಲಿ ಮೀನಿನ ತೊಟ್ಟಿಗಳ ಪಾಲು ದೊಡ್ಡದೆಂಬುದು ನನಗೆ ಬಲು ಇಷ್ಟದ ಸಂಗತಿ. ಪಠ್ಯಗಳಲ್ಲಿ ಬಹುಕಾಲ ನೈಟ್ರೋಸೊಮೊನಾಸ್, ನೈಟ್ರೋಬ್ಯಾಕ್ಟರ್ ಎಂಬ ಜೋಡಿ ಹೆಸರೇ ಇತ್ತು. 1998ರಲ್ಲಿ ಸಿಹಿನೀರಿನ ಅಕ್ವೇರಿಯಂಗಳನ್ನು ಶೋಧಿಸಿದಾಗ ನೈಟ್ರೈಟನ್ನು ನೈಟ್ರೇಟ್ ಮಾಡುವ ಎರಡನೆಯ ಕೆಲಸ ಮಾಡುತ್ತಿದ್ದುದು ನೈಟ್ರೋಸ್ಪೈರಾ ಗುಂಪಿನವು ಎಂದು ಗೊತ್ತಾಯಿತು. 2005ರಲ್ಲಿ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ತೊಟ್ಟಿಯಿಂದ ಅಮೋನಿಯಾ ತಿನ್ನುವ ಆರ್ಕಿಯಾ ಒಂದನ್ನು ಬೇರ್ಪಡಿಸಿದರು. ಅದು ಬ್ಯಾಕ್ಟೀರಿಯಾವೇ ಅಲ್ಲ. ಇಂಥ ಆರ್ಕಿಯಾಗಳು ಸಾಗರಗಳಲ್ಲೆಲ್ಲ ಹೇರಳವಾಗಿವೆ. 2015ರಲ್ಲಿ ಎರಡೂ ಹೆಜ್ಜೆಯನ್ನು ಒಬ್ಬಂಟಿಯಾಗಿ ಮುಗಿಸುವ ನೈಟ್ರೋಸ್ಪೈರಾ ಬಗೆಗಳು ಸಿಕ್ಕವು. ಅವುಗಳಲ್ಲಿ ಕೆಲವು ಮೀನು ಸಾಕಣೆಯ ಫಿಲ್ಟರಿನಿಂದ ಬಂದವು.

ಮನೆಯ ಟ್ಯಾಂಕಿಗೆ ಮುಖ್ಯವಾದದ್ದು ಇವು ಎಲ್ಲಿ ವಾಸಿಸುತ್ತವೆ ಎಂಬುದು. ನೀರಿನಲ್ಲಿ ತೇಲುವವು ಕಡಿಮೆ. ಫಿಲ್ಟರಿನ ಸ್ಪಂಜು, ಜಲ್ಲಿ, ಗಿಡದ ಎಲೆ, ಇವುಗಳ ಮೇಲಿನ ಜಾರು ಪದರವೇ ಅವುಗಳ ಮನೆ. ನಾವು ಪ್ರತಿ ಭಾನುವಾರ ಉಜ್ಜಿ ತೆಗೆಯುವುದು ಅದನ್ನೇ! ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿದರೆ, ಊರಿನ ಕುಡಿಯುವ ನೀರಿಗೆ ಬೆರೆಸಿದ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ಶ್ಲೋಸಿಂಗ್ ಕ್ಲೋರೋಫಾರ್ಮ್ ಹಾಯಿಸಿದಂತೆಯೇ ಇದು. ಟ್ಯಾಂಕಿನಿಂದಲೇ ತೆಗೆದ ನೀರಲ್ಲಿ ಸ್ಪಂಜನ್ನು ಮೃದುವಾಗಿ ಅದ್ದಿ ಹಿಂಡಬೇಕು. ಮೊದಲ ವಾರ ನೀರು ಹಾಲಿನಂತೆ ಮಬ್ಬಾದರೆ ಗಾಬರಿಬಿದ್ದು ಎಲ್ಲವನ್ನೂ ಚೆಲ್ಲಬೇಡಿ. ಅದು ಬೇರೆ ಬ್ಯಾಕ್ಟೀರಿಯಾಗಳ ಹಠಾತ್ ಹೆಚ್ಚಳ, ಸಾಮಾನ್ಯವಾಗಿ ತಾನಾಗಿಯೇ ತಿಳಿಯಾಗುತ್ತದೆ.

ಹಳೆಯ, ಆರೋಗ್ಯವಾದ ಟ್ಯಾಂಕುಳ್ಳ ಗೆಳೆಯರಿದ್ದರೆ ಅವರ ಫಿಲ್ಟರಿನ ತುಂಡು ಸ್ಪಂಜನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಮೊಸರಿಗೆ ಹೆಪ್ಪು ಹಾಕಿದಂತೆ ಅದು ಕಾಯುವ ಕಾಲವನ್ನು ವಾರಗಟ್ಟಲೆ ಇಳಿಸಬಲ್ಲದು. ಹೆಪ್ಪು ಸಿಗದಿದ್ದರೆ ಮೀನಿಲ್ಲದೆಯೇ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟು, ಹನಿ ಹಾಕಿ ನೋಡುವ ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ ಸೊನ್ನೆಗೆ ಇಳಿಯುವವರೆಗೆ ಕಾಯಿರಿ. ಮೀನು ಆಗಲೇ ಬಂದಿದ್ದರೆ ಆಹಾರವನ್ನು ಅರ್ಧಕ್ಕಿಳಿಸಿ, ಎರಡು ದಿನಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿ. ಹೊಸ ನೀರಿಗೆ ಅಂಗಡಿಯ ಆಂಟಿ ಕ್ಲೋರಿನ್ ಹಾಕಬೇಕು. ಅದರಲ್ಲಿ ಸಾಮಾನ್ಯವಾಗಿ ಇರುವುದು ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಹೈಪೋ ಎನ್ನುತ್ತಿದ್ದ ಸೋಡಿಯಂ ಥಯೋಸಲ್ಫೇಟ್.

ಪಕ್ವವಾದ ಟ್ಯಾಂಕಿಗೂ ಮೀನನ್ನು ಎರಡು ಮೂರರಂತೆ, ವಾರಗಳ ಅಂತರದಲ್ಲಿ ಸೇರಿಸಿ. ಸೂಕ್ಷ್ಮಜೀವಿಗಳ ಸಂಖ್ಯೆ ಸಿಗುವ ಅಮೋನಿಯಾಕ್ಕೆ ತಕ್ಕಷ್ಟೇ ಇರುತ್ತದೆ. ಕರೆಂಟ್ ಗಂಟೆಗಟ್ಟಲೆ ಹೋಗುವ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು: ಮುಚ್ಚಿದ ಫಿಲ್ಟರಿನಲ್ಲಿ ನಿಂತ ನೀರಿನ ಆಮ್ಲಜನಕ ಮುಗಿದು ಈ ಸೂಕ್ಷ್ಮಜೀವಿಗಳು ಸಾಯತೊಡಗುತ್ತವೆ. ಕರೆಂಟ್ ಬಂದ ತಕ್ಷಣ ಸ್ವಿಚ್ ಒತ್ತದೆ, ಫಿಲ್ಟರಿನೊಳಗಿನ ಕೆಟ್ಟ ನೀರನ್ನು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನ ನೀರಲ್ಲಿ ಅದ್ದಿ ತೆಗೆದು ಆಮೇಲೆ ಚಾಲೂ ಮಾಡಿ. ಆ ದಿನ ಮೀನಿಗೆ ಆಹಾರ ಬೇಡ.