ಹೇಮಾವತಿಯ ನೀರು ಮತ್ತು ಶಿವನಸಮುದ್ರದ ವಿದ್ಯುತ್ತು

ಹರದನಹಳ್ಳಿಯನ್ನೊಳಗೊಂಡ ಹೊಳೆನರಸೀಪುರ ತಾಲ್ಲೂಕಿನಲ್ಲಿ ಹೇಮಾವತಿಯ ಬೆಲೆಯನ್ನು ಬಹುಮಟ್ಟಿಗೆ ನೀರಾವರಿಯ ಲೆಕ್ಕದಲ್ಲಿಯೇ ಕಟ್ಟಲಾಗುತ್ತದೆ. ಈ ನದಿಗೆ ಇನ್ನೊಂದು ಲೆಕ್ಕವೂ ಉಂಟು. ಗೊರೂರಿನಿಂದ ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುವ ಇದರ ನೀರು ಮುಂದೆ ಶಿವನಸಮುದ್ರದಲ್ಲಿ ವಿದ್ಯುತ್ ಯಂತ್ರಗಳನ್ನು ತಿರುಗಿಸುತ್ತದೆ.

ಜಲವಿದ್ಯುತ್ತಿಗೆ ಬೇಕಾದವು ಎರಡು: ಹರಿಯುವ ನೀರಿನ ಮೊತ್ತ ಮತ್ತು ಅದು ಇಳಿಯುವ ಎತ್ತರ. ಹೊಳೆನರಸೀಪುರದ ಬಳಿ ಸಾವಧಾನವಾಗಿ ಹರಿಯುವ ನದಿಗೆ ಮೊದಲನೆಯದಿದೆ, ಎರಡನೆಯದಿಲ್ಲ. ಶಿವನಸಮುದ್ರದಲ್ಲಾದರೋ ಸುಮಾರು 400 ಅಡಿಗಳ ಇಳಿತ ಒಂದೆಡೆಯೇ ದೊರೆಯುತ್ತದೆ. ಜಲಪಾತದ ಮೇಲ್ಭಾಗದಲ್ಲಿ ನೀರನ್ನು ನಾಲೆಗೆ ತಿರುಗಿಸಿ, ಅದರ ತುದಿಯಿಂದ ಉಕ್ಕಿನ ಕೊಳವೆಗಳ ಮೂಲಕ ಕಣಿವೆಯ ತಳದ ಯಂತ್ರಾಗಾರಕ್ಕೆ ಇಳಿಸಲಾಗುತ್ತದೆ. ಅಲ್ಲಿ ಒತ್ತಡದಿಂದ ನುಗ್ಗುವ ನೀರು ಟರ್ಬೈನಿನ ಚಕ್ರವನ್ನು ತಿರುಗಿಸುತ್ತದೆ. ಅದರೊಡನೆ ತಿರುಗುವ ಜನರೇಟರಿನ ಅಯಸ್ಕಾಂತ ಕ್ಷೇತ್ರವು ತಾಮ್ರದ ಸುರುಳಿಗಳನ್ನು ಹಾಯ್ದಂತೆಲ್ಲ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ. ಸೆಕೆಂಡಿಗೆ ಒಂದು ಘನಮೀಟರ್ ನೀರು 120 ಮೀಟರ್ ಇಳಿದರೆ ದೊರೆಯುವ ಶಕ್ತಿ ಸುಮಾರು 1,176 ಕಿಲೋವ್ಯಾಟ್. ಕೊಳವೆ ಹಾಗೂ ಯಂತ್ರಗಳಲ್ಲಾಗುವ ನಷ್ಟವನ್ನು ಕಳೆದರೆ ಸುಮಾರು 1,000. ವಿದ್ಯುತ್ತು ತೆಗೆದ ನೀರು ಸತ್ವ ಕಳೆದುಕೊಳ್ಳುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ನೀರು ಕಳೆದುಕೊಳ್ಳುವುದು ಎತ್ತರವನ್ನು ಮಾತ್ರ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಈ ಯೋಜನೆಯಿಂದ 1902ರ ಜೂನ್‌ನಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಒತ್ತಡವನ್ನು ಹತ್ತು ಪಟ್ಟು ಹೆಚ್ಚಿಸಿದರೆ, ಅಷ್ಟೇ ಶಕ್ತಿಯನ್ನು ಅದೇ ತಂತಿಯಲ್ಲಿ ಸಾಗಿಸುವಾಗ ಆಗುವ ನಷ್ಟ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಪರಿವರ್ತಕಗಳಿಂದ ಒತ್ತಡವನ್ನು ಏರಿಸಿದುದರಿಂದಲೇ ಅಷ್ಟು ದೂರದ ಸಾಗಣೆ ಸಾಧ್ಯವಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂದಿತು.

ತೊಡಕು ಇದ್ದುದು ಯಂತ್ರದಲ್ಲಲ್ಲ, ಬೇಸಗೆಯ ಹೊಳೆಯಲ್ಲಿ. ಗಣಿಯ ಯಂತ್ರಗಳು ವರ್ಷವಿಡೀ ಓಡಬೇಕು. ಮುಂಗಾರಿನ ನದಿಯಾದರೋ ಬೇಸಗೆಯಲ್ಲಿ ಸೊರಗುತ್ತದೆ. ಈ ಅಂತರವನ್ನು ತುಂಬುವುದೂ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಉದ್ದೇಶಗಳಲ್ಲೊಂದಾಗಿತ್ತು. ಈ ಅಣೆಕಟ್ಟನ್ನು ಕೇವಲ ನೀರಾವರಿಯ ಕೆಲಸವೆಂದು ಬಣ್ಣಿಸುವ ರೂಢಿ ಅಪೂರ್ಣವಾದುದು.

1979ರಲ್ಲಿ ಪೂರ್ಣಗೊಂಡ ಗೊರೂರು ಅಣೆಕಟ್ಟು ಸುಮಾರು 37 ಟಿಎಂಸಿ ನೀರನ್ನು ಮೇಲೆಯೇ ಹಿಡಿದಿಡಬಲ್ಲುದು. ಅಲ್ಲಿಂದ ಕಾಲುವೆಗೆ ಹೋದ ನೀರಿನ ಹೆಚ್ಚಿನ ಪಾಲು ಬೆಳೆಗೆ ಸಲ್ಲುತ್ತದೆ. ನದಿಗೆ ಬಿಟ್ಟುದು ಮತ್ತು ಹೊಲಗಳಿಂದ ಬಸಿದು ಮರಳಿದುದು ಮಾತ್ರ ಕೆಳಕ್ಕೆ ಸಾಗುತ್ತದೆ. ಶಿವನಸಮುದ್ರದ 42 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರಕ್ಕೆ ಯಾವ ತಿಂಗಳು ಎಷ್ಟು ನೀರೆಂಬುದು ಮಳೆಯಷ್ಟೇ ಈ ಹಂಚಿಕೆಯನ್ನೂ ಅವಲಂಬಿಸಿದೆ.