ಗಿರಾಕಿಯ ನಿಷ್ಠೆ: ಆಯದಿಂದ ಅಂಕದವರೆಗೆ

ಕಾರನ್ನು ಮಾರಿದ ಮಳಿಗೆಯು ಅದರ ದುರಸ್ತಿಗೂ ಗಿರಾಕಿ ತನ್ನಲ್ಲಿಗೇ ಬರಲೆಂದು ಬಯಸುವುದು ಸಹಜ. ಖಾತರಿಯ ಅವಧಿ ಮುಗಿದೊಡನೆ ಅವನಾದರೋ ಊರಿನ ಗ್ಯಾರೇಜನ್ನು ಹುಡುಕುತ್ತಾನೆ. ಆದಕಾರಣ, ತೆತ್ತ ಹಣಕ್ಕೆ ತಕ್ಕಂತೆ ಅಂಕಗಳನ್ನಿತ್ತು ಮುಂದಿನ ಸರ್ವೀಸಿನ ಬಿಲ್ಲಿನಲ್ಲಿ ಅಷ್ಟನ್ನು ವಜಾ ಮಾಡುವ ಪದ್ಧತಿ ಬಂದಿದೆ. ಮಾರುತಿ ಸುಜುಕಿ ಸಂಸ್ಥೆಯು 2020ರಲ್ಲಿ ಇಂತಹ ಯೋಜನೆಯೊಂದನ್ನು ಹೊಸ ರೂಪದಲ್ಲಿ ಆರಂಭಿಸಿತು.

1942ರ ಚಳವಳಿಯಿಂದ ಹೆಸರಾದ ಶಿಕಾರಿಪುರ ತಾಲ್ಲೂಕಿನ ಈಸೂರಿನಂತಹ ಗ್ರಾಮದಲ್ಲಿ ನಿಂತು ಇದನ್ನು ನೋಡಿದರೆ ಹಳೆಯ ಆಯದ ಪದ್ಧತಿ ನೆನಪಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಬಡಗಿ ಕಮ್ಮಾರರು ವರ್ಷವಿಡೀ ನೇಗಿಲು ಬಂಡಿಗಳನ್ನು ಸರಿಪಡಿಸಿಕೊಡುತ್ತಿದ್ದರು. ಸುಗ್ಗಿಯಲ್ಲಿ ಕಣದಿಂದಲೇ ಅವರ ಪಾಲಿನ ಧಾನ್ಯ ಸಲ್ಲುತ್ತಿತ್ತು. ಒಂದೊಂದು ಕೆಲಸಕ್ಕೂ ಬೇರೆ ಬೆಲೆಯಿಲ್ಲದ್ದರಿಂದ ಬಂಡಿ ಮತ್ತೆ ಮತ್ತೆ ಕೆಟ್ಟರೆ ನಷ್ಟ ಬಡಗಿಗೇ. ಅಂಕಗಳ ಪದ್ಧತಿಯಲ್ಲಿ ದುರಸ್ತಿಯ ಖರ್ಚು ಹೆಚ್ಚಿದಷ್ಟೂ ಅಂಕವೂ ಹೆಚ್ಚು. ಇದನ್ನು ಬಹುಮಾನವೆನ್ನುವುದು ತುಸು ವಿಚಿತ್ರ. ಆಯದಲ್ಲಿ ಕಸುಬು ಜಾತಿಗೆ ಕಟ್ಟುಬಿದ್ದಿತ್ತೆಂಬುದನ್ನೂ, ಆಯ್ಕೆಗೆ ಎಡೆ ಕಡಮೆಯಿತ್ತೆಂಬುದನ್ನೂ ಮರೆಯಲಾಗದು.

ಇಂದಿನ ಗಿರಾಕಿಯ ಆಯ್ಕೆಗೂ ಅಡ್ಡಿಗಳು ಒದಗಿದ್ದುಂಟು. ಬಿಡಿಭಾಗಗಳು ಸ್ವತಂತ್ರ ಗ್ಯಾರೇಜುಗಳಿಗೆ ಮುಕ್ತವಾಗಿ ದೊರೆಯದಂತೆ ಮಾಡಿದುದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರಲ್ಲಿ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಹಳ್ಳಿಯ ಗಿರಾಕಿಯಂತೂ ಅಂಕಗಳ ಎದುರಿಗೆ, ಪೇಟೆಗೆ ಹೋಗಿಬರುವ ಪೆಟ್ರೋಲನ್ನೂ ಕೆಲಸ ತಪ್ಪಿದ ಒಂದು ದಿನವನ್ನೂ ಇಟ್ಟು ಲೆಕ್ಕ ಹಾಕುತ್ತಾನೆ.