ಅಡುಗೆಯ ವಾಸನೆ ಎಷ್ಟು ದೂರ ಹೋದೀತು?

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹಗಲು ಬಜ್ಜಿ ಕರಿದರೆ ಅದರ ವಾಸನೆ ಬೇಗನೆ ತೆಳುವಾಗುತ್ತದೆ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿ ಅದನ್ನು ಕಲಕಿ ಚದುರಿಸುತ್ತದೆ. ಆನೆ, ಕರಡಿಗಳಿರುವ ಬಿಳಿಗಿರಿರಂಗನ ಬೆಟ್ಟದಂಥ ಕಡೆ, ಶಿಬಿರದಲ್ಲಿ ರಾತ್ರಿ ಕರಿದರೆ?

ವಾಸನೆಯೆಂದರೆ ಗಾಳಿಯಲ್ಲಿ ಬೆರೆತ ಆವಿಯ ಅಣುಗಳು. ಬರೀ ವಿಸರಣೆಯಿಂದ ಅವು ಒಂದು ಮೀಟರ್ ಸಾಗಲು ಹಲವು ಗಂಟೆಗಳು ಬೇಕು. ಸೆಕೆಂಡಿಗೆ 1 ಮೀಟರ್ ವೇಗದ ಮಂದ ಗಾಳಿಯಾದರೋ 15 ನಿಮಿಷಗಳಲ್ಲಿ 900 ಮೀಟರ್ ಒಯ್ಯುತ್ತದೆ. ಮೋಡವಿಲ್ಲದ ರಾತ್ರಿ ನೆಲವು ವಿಕಿರಣದಿಂದ ಶಾಖ ಕಳೆದುಕೊಂಡು ತಣಿಯುತ್ತದೆ. ಆಗ ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆಯ ಗಾಳಿ. ಇದೇ ಉಷ್ಣತಾ ವಿಲೋಮ. ವಾಸನೆಯು ಹೆಚ್ಚು ಮೇಲೇರದೆ, ತಂಪು ಗಾಳಿಯೊಡನೆ ನೆಲಕ್ಕಂಟಿ ಇಳಿಜಾರಿನತ್ತ ಹರಿಯುತ್ತದೆ. ಪ್ರಾಣಿಗಳ ಮೂಗು ಇರುವುದೂ ಅಲ್ಲಿಯೇ! ಆಫ್ರಿಕದ ಆನೆಯಲ್ಲಿ ವಾಸನೆ ಗ್ರಹಿಸುವ ಸುಮಾರು 2,000 ಜೀನ್‌ಗಳಿವೆ. ನಮ್ಮಲ್ಲಿ ಸುಮಾರು 400.

ಆದ್ದರಿಂದ ಅನುಮತಿಯಿರುವ ಜಾಗದಲ್ಲಿ ಮಾತ್ರ, ಬೆಳಕಿರುವಾಗಲೇ ಅಡುಗೆ ಮುಗಿಸಬೇಕು. ಒಲೆಯು ಡೇರೆಗಳಿಂದ ಸುಮಾರು 100 ಮೀಟರ್ ದೂರ, ಇಳಿಜಾರಿನ ಕೆಳಬದಿಗಿರಲಿ. ಉಳಿದ ಆಹಾರವನ್ನು ಹೂಳಬಾರದು, ಕರಡಿ ಅಗೆದು ತೆಗೆಯುತ್ತದೆ. ಬಿಗಿ ಡಬ್ಬಿಯಲ್ಲಿ ಹಿಂದಕ್ಕೆ ತರಬೇಕು.

ಶಿಕ್ಷಕರು ಮೊದಲು ಶಾಲೆಯ ಅಂಗಳದಲ್ಲೇ ಮಧ್ಯಾಹ್ನ ಮತ್ತು ಸಂಜೆ ಊದುಬತ್ತಿ ಹಚ್ಚಿ, ಹೊಗೆಯ ಹಾದಿಯನ್ನು ಮಕ್ಕಳಿಂದ ಗುರುತಿಸಿಸಬಹುದು.